ಕರ್ಟಿಸ್ ಮರೆತ ಪಾರ್ಕಾಗಳು

ಟ್ಯಾಮರಾಕ್ ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಕರ್ಟಿಸ್ ಲಾಕ್ಸೊನ ಹುದ್ದೆಯ ಹೆಸರು ಬಾಗಿಲಿನ ಅಗಲಕ್ಕೆ ಹಿಡಿಸದಷ್ಟು ಉದ್ದವಿತ್ತು. ಕೆಲಸ ಮಾತ್ರ ಎರಡೇ: ಒಗೆಯುವುದು, ಒಣಗಿಸುವುದು. ಫುಟ್‌ಬಾಲಿನವರು, ಕುಸ್ತಿಯವರು, ಈಜಿನವರು, ಎಲ್ಲರ ಬೆವರೂ ಅವನ ನೆಲಮಾಳಿಗೆಗೆ ಇಳಿದು ಬಂದು ಸಾಬೂನಿನ ವಾಸನೆಯಾಗಿ ಮೇಲೆ ಹತ್ತುತ್ತಿತ್ತು. ಯಾರಾದರೂ ಹುಡುಗಿ ಏನು ಮಾಡಿಕೊಂಡಿದ್ದೀಯ ಎಂದು ಕೇಳಿದರೆ "ಕಾಲೇಜು ಕ್ರೀಡೆಯಲ್ಲಿದ್ದೇನೆ" ಎನ್ನುತ್ತಿದ್ದ. ಸುಳ್ಳೇನಲ್ಲ. ಮೀನು ಮಾರುವವನು "ನಮ್ಮದು ಸಮುದ್ರದ ವ್ಯವಹಾರ" ಎಂದ ಹಾಗೆ.

ಅವನೂ ಒಂದು ಕಾಲಕ್ಕೆ ಈಜುಗಾರನೇ. ಇದೇ ಕಾಲೇಜಿಗೆ ನಾಲ್ಕು ವರ್ಷ, ಗೋಡೆ ಪಕ್ಕದ ಕೊನೆಯ ಸಾಲಿನಲ್ಲಿ ಈಜಿದ್ದ. ತಂಡಕ್ಕೆ ಒಂದೇ ಒಂದು ಅಂಕ ತಂದುಕೊಟ್ಟವನಲ್ಲ. "ಕರ್ಟಿಸ್ ಧುಮುಕಿದ್ರೆ ನೀರಿಗೆ ಗೊತ್ತಾಗುತ್ತೆ, ಗಡಿಯಾರಕ್ಕೆ ಗೊತ್ತಾಗಲ್ಲ" ಎಂದು ಕೋಚ್ ಬರ್ನಿಸ್ ಟೋಲೆಫ್ಸನ್ ಹೇಳಿದ್ದಳು. ಬೇರೆಯವರಾಗಿದ್ದರೆ ಆ ಮಾತನ್ನು ನುಂಗಿಕೊಂಡು ಕೂರುತ್ತಿದ್ದರು. ಕರ್ಟಿಸ್ ಅದನ್ನು ಪದಕದಂತೆ ಊರಿಗೆಲ್ಲ ತೋರಿಸಿಕೊಂಡು ಓಡಾಡಿದ.

ಅವನು ಈ ಕಾಲೇಜಿಗೇ ಬಂದದ್ದು ಒಂದು ಕೊಕ್ಕೆಯಿಂದಾಗಿ. ಮಿನ್ನೆಸೋಟಾದ ಆ ಉತ್ತರದ ಮೂಲೆಯಲ್ಲಿ ಏಪ್ರಿಲ್‌ನಲ್ಲೂ ಹಿಮ ಕರಗಿರುವುದಿಲ್ಲ. ಕೊಳದಿಂದ ಮೇಲೆ ಬಂದವರು ಮೊಣಕಾಲಿನವರೆಗೆ ಬರುವ, ಒಳಗೆ ಉಣ್ಣೆಯಿರುವ ದಪ್ಪ ಕೋಟು ಹಾಕಿಕೊಳ್ಳದಿದ್ದರೆ ಹಲ್ಲುಗಳು ತಾಳ ಹಾಕತೊಡಗುತ್ತವೆ. ಪಾರ್ಕಾ ಎಂದರೆ ಅದೇ. ಪ್ರತಿ ವಸಂತದಲ್ಲಿ ತಂಡದ ಊಟದ ದಿನ, ಮುಂದಿನ ವರ್ಷ ಸೇರಲಿರುವ ಹುಡುಗ ಹುಡುಗಿಯರನ್ನು ಅಪ್ಪ ಅಮ್ಮಂದಿರ ಸಮೇತ ಕರೆಸುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಯ ಖಾಲಿ ಕೊಕ್ಕೆಗಳ ಮೇಲೆ ಆಗಲೇ ಅವರವರ ಹೆಸರು ಹೊಲಿದ ಹೊಸ ಪಾರ್ಕಾ ನೇತಾಡುತ್ತಿರಬೇಕು. ಅದು ಊರಿನ ರೂಢಿ. ಹದಿನೆಂಟರ ಕರ್ಟಿಸ್ ಹಾಗೆ ನೇತಾಡುತ್ತಿದ್ದ "ಲಾಕ್ಸೊ" ಎಂಬ ಹೆಸರನ್ನು ನೋಡಿ, ಅದನ್ನು ಬಿಟ್ಟು ಹೋದರೆ ಪಾಪ ಆ ಕೋಟು ಏನಂದುಕೊಳ್ಳುತ್ತದೋ ಎಂದು ಇಲ್ಲೇ ಸೇರಿದ. ಈಗ ಹೊಸಬರಿಗೆ ಪಾರ್ಕಾ ತರಿಸುವುದು ಅವನದೇ ಕೆಲಸ.

ಆ ವರ್ಷ ಅದನ್ನು ಅವನು ಮರೆತ.

ಮರೆತದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಸ್ನಾನ ಮಾಡುವಾಗ ನೆನಪಾಗುತ್ತಿತ್ತು, ಮೈ ಒರೆಸಿಕೊಳ್ಳುವಾಗ ಮರೆತುಹೋಗುತ್ತಿತ್ತು. ನೀರಿನಲ್ಲಿ ಹುಟ್ಟಿದ ಯಾವ ಯೋಚನೆಯೂ ಕರ್ಟಿಸ್‌ನಲ್ಲಿ ನೆಲದ ಮೇಲೆ ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ.

ಅದು ಮರೆಯಬಾರದ ವರ್ಷವಾಗಿತ್ತು. ಕಾಲೇಜಿನ ಕೈ ಬಿಗಿಯಾಗಿದೆ, ಯಾವುದೋ ಒಂದು ತಂಡಕ್ಕೆ ಕತ್ತರಿ ಬೀಳುತ್ತದೆ ಎಂಬ ಗಾಳಿಸುದ್ದಿ ಚಳಿಗಾಲವಿಡೀ ಹಬ್ಬಿತ್ತು. ಗಾಲ್ಫ್ ಇರಬಹುದು, ಈಜು ಇರಬಹುದು. ಕ್ರೀಡಾ ವಿಭಾಗದ ಮುಖ್ಯಸ್ಥ ಫಿಲ್ ರಾಡ್ಕೆ ಮೊದಲು ಎದುರಿಗೆ ಸಿಕ್ಕವರ ಬೆನ್ನು ತಟ್ಟುತ್ತಿದ್ದವನು ಈಗ ಬಾಗಿಲ ಚೌಕಟ್ಟನ್ನು ತಟ್ಟಿ ಹೋಗತೊಡಗಿದ್ದ. ಆದರೂ ಯಾರೂ ಅವನನ್ನು ನೇರವಾಗಿ ಕೇಳಲಿಲ್ಲ. ಟ್ಯಾಮರಾಕ್‌ನಲ್ಲಿ ನೇರವಾಗಿ ಕೇಳುವುದೆಂದರೆ ಇನ್ನೊಬ್ಬರ ಮನೆಯ ಫ್ರಿಜ್ಜು ತೆರೆದು ನೋಡಿದಂತೆ. ಅಲ್ಲಿ ಯಾರಿಗಾದರೂ ಏನಾದರೂ ಹಿಡಿಸದಿದ್ದರೆ ಕೆಟ್ಟದಾಗಿದೆ ಎನ್ನುವುದಿಲ್ಲ. ತುಸು ಹೊತ್ತು ಸುಮ್ಮನಿದ್ದು, "ಬೇರೆ ಥರ ಇದೆ" ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ಆ ಊರಿನ ನಾಲಿಗೆಗೆ ಬಾರದು.

ಊಟದ ದಿನ ಬೆಳಿಗ್ಗೆ ತಂಡದ ನಾಯಕಿ ಟೆಸ್ಸಾ ಮ್ಯಾಟಿಲಾ ನೆಲಮಾಳಿಗೆಗೆ ಇಳಿದು ಬಂದಳು. ಕರ್ಟಿಸ್ ಕುಸ್ತಿಯವರ ಮೊಣಕಾಲುಪಟ್ಟಿ ಹಿಂಡುತ್ತಿದ್ದ.

"ಕರ್ಟಿಸ್, ಕೊಕ್ಕೆ ಎಲ್ಲಾ ಖಾಲಿ ಇವೆ."

ಕೈಯಲ್ಲಿದ್ದದ್ದು ಜಾರಿತು. "ಅಯ್ಯೋ ದೇವರೇ! ಟೆಸ್ಸಾ, ಮರ್ತೇಬಿಟ್ಟೆ. ಪಾರ್ಕಾ ಆರ್ಡರ್ ಮಾಡೋದನ್ನೇ ಮರ್ತೇಬಿಟ್ಟೆ ಕಣೇ."

ಟೆಸ್ಸಾ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಅವನನ್ನು ಹೆದರಿಸಿತು.

"ಪರವಾಗಿಲ್ಲ ಬಿಡು," ಎಂದಳು ಮೆಲ್ಲಗೆ. "ಹಾಗೇ ಹೇಳು ಅಂತ ಮೇಲಿನವರು ಹೇಳಿರ್ತಾರೆ. ನೀನೇನ್ ಮಾಡ್ತೀಯ, ಪಾಪ."

"ಇಲ್ಲ ಕಣೇ, ನಿಜವಾಗ್ಲೂ ಮರ್ತೆ!"

"ಹೂಂ ಹೂಂ, ಗೊತ್ತಾಯ್ತು," ಎಂದು ಅವನ ತೋಳನ್ನು ಒಮ್ಮೆ ಅಮುಕಿ ಹೋದಳು. ಸಾವಿನ ಮನೆಯಲ್ಲಿ ಅಮುಕುವ ಹಾಗೆ.

ಹೊಸ ಪಾರ್ಕಾ ಇಲ್ಲ ಎಂದರೆ ಹೊಸ ಮಕ್ಕಳಿಲ್ಲ, ಹೊಸ ಮಕ್ಕಳಿಲ್ಲ ಎಂದರೆ ತಂಡವೇ ಇಲ್ಲ. ಸಂಜೆಯ ಊಟದಲ್ಲಿ ಈ ಲೆಕ್ಕವನ್ನು ಎಲ್ಲರೂ ಮನಸ್ಸಿನಲ್ಲೇ ಮಾಡಿ ಮುಗಿಸಿದರು. ಬಾಯಿಬಿಟ್ಟವರು ಯಾರೂ ಇಲ್ಲ. ಹೊಸದಾಗಿ ಸೇರಬೇಕಿದ್ದ ಒಬ್ಬ ಹುಡುಗನ ಅಪ್ಪ ಖಾಲಿ ಕೊಕ್ಕೆಗಳನ್ನು ನೋಡಿ "ಹೂಂ... ಬೇರೆ ಥರ ಇದೆ" ಎಂದ. ಕರ್ಟಿಸ್ ಮೇಜಿನಿಂದ ಮೇಜಿಗೆ ಹೋಗಿ ಮರೆತೆ, ಮರೆತೆ ಎಂದು ಹೇಳಿದ. ಹೇಳಿದಷ್ಟೂ ಅದು ಯಾರೋ ಬರೆದುಕೊಟ್ಟ ಮಾತಿನಂತೆ ಕೇಳುತ್ತಿತ್ತು. ಬದುಕಿನಲ್ಲಿ ಅವನು ಹೇಳಿದ ನೂರಾರು ಸಣ್ಣ ಸುಳ್ಳುಗಳನ್ನು ಜನ ನಂಬಿದ್ದರು. ಈಗ ಮೊದಲ ಬಾರಿಗೆ ಎದೆ ಬಿಚ್ಚಿ ನಿಜ ಹೇಳಿದರೆ ಒಬ್ಬರೂ ನಂಬಲೊಲ್ಲರು.

ಸೋಮವಾರ ಬೆಳಿಗ್ಗೆ ಕೋಚ್ ಬರ್ನಿಸ್‌ಳ ಕಚೇರಿಯ ಬಾಗಿಲಲ್ಲಿ ಹಾಟ್‌ಡಿಶ್‌ಗಳು ಶುರುವಾದವು. ಕೊಚ್ಚಿದ ಮಾಂಸ, ಬೀನ್ಸು, ಡಬ್ಬದ ಅಣಬೆ ಸೂಪು, ಮೇಲೆ ಗರಿಗರಿ ಆಲೂಗಡ್ಡೆ. ಗಾಜಿನ ಪಾತ್ರೆಗೆ ತುಂಬಿ ಓವನ್ನಿನಲ್ಲಿಟ್ಟು ತೆಗೆದದ್ದು. ಯಾರದಾದರೂ ಮನೆಯಲ್ಲಿ ಸಾವಾದರೆ ಆ ಊರಿನವರು ಮಾತಾಡಲು ಹೋಗುವುದಿಲ್ಲ, ಇದನ್ನು ಕೊಟ್ಟು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಚೇರಿಯ ಮೇಜು, ಕಿಟಕಿಯ ಕಟ್ಟೆ, ಬಹುಮಾನದ ಕಪ್ಪುಗಳ ಕಪಾಟು, ಎಲ್ಲೆಲ್ಲೂ ಹಾಟ್‌ಡಿಶ್. ಪ್ರತಿ ಪಾತ್ರೆಯ ತಳದಲ್ಲೂ ಅಂಟುಪಟ್ಟಿಯ ಮೇಲೆ ಮನೆಯವರ ಹೆಸರು. ದುಃಖ ದುಃಖವೇ, ಪಾತ್ರೆ ಪಾತ್ರೆಯೇ.

ಕೋಚ್ ಬರ್ನಿಸ್ ಗಂಟಲು ಗಟ್ಟಿಯಿರುವ, ಮಂಡಿ ಗಟ್ಟಿಯಿಲ್ಲದ ಹೆಂಗಸು. ಬೆಳಿಗ್ಗೆ ಊರಿನ ಮುದುಕಿಯರನ್ನು ಕೊಳಕ್ಕಿಳಿಸಿ ಕೈಕಾಲು ಆಡಿಸುವುದು, ಮಧ್ಯಾಹ್ನ ತಂಡವನ್ನು ಈಜಿಸುವುದು, ಇದರಲ್ಲೇ ಅವಳ ಆಯುಷ್ಯ ಹೋಗಿತ್ತು. ಅವಳು ಕರ್ಟಿಸ್‌ನನ್ನು ಕೂಗಿ ಕರೆದಳು.

"ಬಾರೋ ಇಲ್ಲಿ. ಯಾರಪ್ಪಾ ಸತ್ತಿದ್ದು?"

"ಯಾರೂ ಸತ್ತಿಲ್ಲ, ಕೋಚ್."

"ನನ್ನ ಗಂಡ ಹೋದಾಗ್ಲೂ ಇಷ್ಟು ಬಂದಿರ್ಲಿಲ್ಲ. ನಾನೇನಾದ್ರೂ ಸತ್ತೋಗಿದೀನಾ? ಹೇಳ್ಬಿಡು, ಬೇಜಾರಿಲ್ಲ."

ಕರ್ಟಿಸ್ ಹೇಳಿದ. ಸ್ನಾನ, ಟವೆಲು, ಮರೆವು, ಕೊಕ್ಕೆ, ಎಲ್ಲ. ಬರ್ನಿಸ್ ಕೇಳುತ್ತ ಒಂದು ಪಾತ್ರೆಯ ಮೇಲಿನ ಆಲೂಗಡ್ಡೆ ಕಿತ್ತು ಬಾಯಿಗೆ ಹಾಕಿಕೊಂಡಳು.

"ಅಂದ್ರೆ ನಿನ್ನ ಮರೆವಿಗೆ ನನ್ನ ತಿಥಿ ಆಗ್ತಿದೆ," ಎಂದಳು. ನಗು ಬಾಯಿಯವರೆಗೆ ಬಂತು, ಕಣ್ಣಿಗೆ ಹತ್ತಲಿಲ್ಲ. "ಆದ್ರೂ ಕರ್ಟಿಸ್, ಇಷ್ಟು ಜನಕ್ಕೆ ಒಟ್ಟಿಗೇ ಹಾಗನ್ನಿಸ್ತಲ್ಲ... ಹೋಗು, ಇವನ್ನೆಲ್ಲ ಫುಟ್‌ಬಾಲಿನವರಿಗೆ ಕೊಡು. ಆ ಹುಡುಗ್ರು ಗಾಜನ್ನೂ ಬಿಡಲ್ಲ."

ಹೀಗೆ ಈಜು ತಂಡದ ತಿಥಿಯೂಟವನ್ನು ಫುಟ್‌ಬಾಲಿನವರು ಉಂಡರು. ಕರ್ಟಿಸ್ ಪಾತ್ರೆಗಳನ್ನು ತೊಳೆದು ನೆಲಮಾಳಿಗೆಯಲ್ಲಿ ಜೋಡಿಸಿಟ್ಟ.

ಮಾರನೆಯ ದಿನ ಫಿಲ್ ಅವನನ್ನು ಕರೆಸಿ ಬಾಗಿಲು ಮುಚ್ಚಿದ. ಫಿಲ್‌ನ ಬಾಗಿಲು ಮುಚ್ಚಿದ್ದನ್ನು ಕರ್ಟಿಸ್ ಅದುವರೆಗೆ ನೋಡಿರಲಿಲ್ಲ. ಒಳಬದಿಯಲ್ಲಿ ಯಾವುದೋ ಹಳೆಯ ಕ್ಯಾಲೆಂಡರ್ ಇತ್ತು.

"ನಿನಗೆ ಯಾರು ಹೇಳಿದ್ದು?"

"ಏನನ್ನ, ಫಿಲ್?"

"ನೋಡಪ್ಪಾ, ಆಟ ಆಡ್ಬೇಡ. ಈಜು ತೆಗೀತೀವಿ ಅಂತ ಗೊತ್ತಿದ್ದಿದ್ದು ನನಗೆ, ಅಧ್ಯಕ್ಷರಿಗೆ, ಇಬ್ಬರಿಗೇ. ಈ ಶುಕ್ರವಾರ ಮಂಡಳಿ ಮುಂದೆ ಇಡೋದಿತ್ತು. ಅಷ್ಟರಲ್ಲಿ ನೀನು ಪಾರ್ಕಾ ನಿಲ್ಲಿಸಿದೀಯ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಅಂದರೆ ತಂಡ ನಿಜವಾಗಿಯೂ ಸಾಯುತ್ತಿತ್ತು. ಊರು ತಪ್ಪು ತಿಳಿದುಕೊಂಡು ಸರಿಯಾದದ್ದನ್ನೇ ಅತ್ತಿತ್ತು.

"ನಾನು ಬರೀ ಮರ್ತೆ, ಫಿಲ್."

"ಇಷ್ಟು ಸರಿಯಾಗಿ, ಇದೇ ವರ್ಷ, ಇದೊಂದೇ ತಂಡದ್ದು?"

"ಹೌದು. ನನಗೇ ಆಶ್ಚರ್ಯ ಆಗ್ತಿದೆ."

"ಯೋಚನೆ ಮಾಡಿ ಹೇಳು," ಎಂದ ಫಿಲ್, ಹಣೆ ಉಜ್ಜಿಕೊಳ್ಳುತ್ತ. "ಗುಟ್ಟು ಸೋರೋ ಕಡೆ ನಿನ್ನನ್ನ ಇಟ್ಕೊಳ್ಳೋಕೆ ನನಗೂ ಆಗಲ್ಲ."

ಆಗಲೇ ಬಾಗಿಲು ತೆರೆಯಿತು. ಬರ್ನಿಸ್ ತಟ್ಟಿರಲಿಲ್ಲ. ತಳ್ಳುಗಾಡಿಯ ಮೇಲೆ ತೊಳೆದಿಟ್ಟ ಗಾಜಿನ ಪಾತ್ರೆಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಮುಚ್ಚಿದ ಬಾಗಿಲಿನ ಆಚೆಗೆ ಎಷ್ಟು ಕೇಳಿತೋ, ಅವಳ ಮುಖದಲ್ಲಿ ಎಲ್ಲವೂ ಕೇಳಿದಂತಿತ್ತು. ಫಿಲ್ ಎದ್ದು ನಿಂತ.

"ಬರ್ನಿಸ್, ನಾನೇ ಬಂದು ಹೇಳ್ಬೇಕು ಅಂತಿದ್ದೆ..."

"ಹೇಳ್ತಿದ್ರಿ ಬಿಡಿ, ಅವಸರ ಏನಿದೆ." ಗಾಡಿಯನ್ನು ಮೇಜಿಗೆ ತಾಗಿಸಿದಳು. "ಸಾವು ನಿಮ್ಮ ಮನೇದು, ಫಿಲ್. ಪಾತ್ರೆ ನೀವೇ ವಾಪಸ್ ಕೊಟ್ಟು ಬನ್ನಿ. ಖಾಲಿ ಕೊಡ್ಬೇಡಿ ಮತ್ತೆ, ಊರು ನಗುತ್ತೆ. ಕರ್ಟಿಸ್ ಗಾಡಿ ಓಡಿಸ್ತಾನೆ. ದಾರಿ ಮರೀದಿದ್ರೆ."

ಅಷ್ಟು ಹೇಳಿ ಹೊರಟುಹೋದಳು. ಕೂಗಾಡಿದ್ದರೆ ಫಿಲ್ ತಡೆದುಕೊಳ್ಳುತ್ತಿದ್ದ. ಅದಕ್ಕೆ ಅವನು ಸಿದ್ಧನಾಗಿಯೇ ಇದ್ದ.

ಬೇಕರಿಯಲ್ಲಿ ಕುಕೀಗಳನ್ನು ಕೊಂಡು, ಪಾತ್ರೆಗೊಂದಿಷ್ಟು ಹಾಕಿ, ಬಾಸ್ ಮತ್ತು ಅವನು ಕೆಲಸದಿಂದ ತೆಗೆಯಬೇಕೆಂದಿದ್ದ ನೌಕರ ಒಂದೇ ವ್ಯಾನಿನಲ್ಲಿ ಹೊರಟರು. ಕರ್ಟಿಸ್ ರೇಡಿಯೋ ಹಾಕಿದ. ಫಿಲ್ ಆರಿಸಿದ.

ಮೊದಲ ಮನೆಯಲ್ಲಿ ಯಾರೂ ಈಜಿನ ಮಾತೆತ್ತಲಿಲ್ಲ. ಕಾಫಿ ಕೊಟ್ಟರು. ಹಿಮ ಈ ವರ್ಷ ಹೋಗೋ ಹಾಗೆ ಕಾಣಲ್ಲ ಎಂದರು. "ಸರಿ ಹಾಗಾದ್ರೆ" ಎಂದು ಮಂಡಿ ತಟ್ಟಿ ಎದ್ದು, ಬಾಗಿಲಲ್ಲಿ ಮತ್ತೆ ನಿಂತು, ವ್ಯಾನಿನ ತನಕ ಬಂದು ಕಿಟಕಿಯಲ್ಲಿ ಬಗ್ಗಿ ಇನ್ನಷ್ಟು ಮಾತಾಡಿದರು. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯ ಯಜಮಾನ "ನಿಮ್ಮ ಕೆಲಸವೂ ಸುಲಭ ಅಲ್ಲ, ಫಿಲ್" ಎಂದು ಅವನಿಗೇ ಸಮಾಧಾನ ಹೇಳಿದ. ವ್ಯಾನು ಹತ್ತಿದ ಫಿಲ್ ಮೂಗು ಸೀಟಿಕೊಂಡ.

"ಯಾರಾದ್ರೂ ಒಬ್ರು ಬೈದಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದ.

"ನಾನು ಬೈಲಾ?" ಎಂದ ಕರ್ಟಿಸ್. ಹೇಗಿದ್ದರೂ ಕೆಲಸ ಹೋಗುವುದಿತ್ತು.

"ಸುಮ್ನೆ ಓಡ್ಸಪ್ಪ."

ಮೇವಿಸ್ ನೈಗಾರ್ಡ್ ಮುದುಕಿ ಬರ್ನಿಸ್‌ಳ ಬೆಳಗಿನ ನೀರಾಟಕ್ಕೆ ತಪ್ಪದೆ ಹೋಗುವವಳು. ಅವಳ ಮೊಮ್ಮಗ ಫುಟ್‌ಬಾಲ್ ತಂಡದಲ್ಲಿದ್ದ. ಪಾತ್ರೆ ಇಸಿದುಕೊಂಡು, ಕುಕೀ ಎಣಿಸುವಂತೆ ನೋಡಿ, ಇಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿದಳು.

"ಒಂದು ಕೇಳ್ಲಾ, ಫಿಲ್? ನನಗೆ ಆಟ ಗೊತ್ತಾಗಲ್ಲ. ನಮ್ಮ ಹುಡುಗ ಶುಕ್ರವಾರ ರಾತ್ರಿ ಹೋಟ್ಲಲ್ಲಿ ಮಲಗ್ತಾನೆ, ನೀವೇ ಮಲಗಿಸ್ತೀರಂತೆ."

"ಅದು, ಮೇವಿಸ್, ಇಲ್ಲೇ ಪಂದ್ಯ ಇದ್ದಾಗ ಹಿಂದಿನ ರಾತ್ರಿ ಹುಡುಗರು ಒಟ್ಟಿಗಿರ್ಲಿ ಅಂತ. ಎಲ್ಲಾ ಕಾಲೇಜಲ್ಲೂ ಮಾಡ್ತಾರೆ."

"ಆ ಹೋಟ್ಲು ನಮ್ಮ ಹಿತ್ತಲಿಂದ ಕಾಣುತ್ತೆ. ಅವನ ಕೋಣೆ ದೀಪ ಆರೋದೂ ಕಾಣುತ್ತೆ. ನಮ್ಮನೇಲಿ ಹಾಸಿಗೆ ಹಾಸೇ ಇರುತ್ತೆ. ನಮ್ಮ ಮೇಲೆ ಏನಾದ್ರೂ ಮುನಿಸಾ ಅಂತ ಅವನನ್ನೇ ಕೇಳ್ದೆ." ಮುದುಕಿ ಕಾಫಿ ಬಗ್ಗಿಸುತ್ತ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಬೇರೆ ಥರ ಇದೆ."

ಫಿಲ್‌ನ ಕಿವಿ ಕೆಂಪಾಯಿತು. ಅಂತೂ ಒಬ್ಬರು ಬೈದಿದ್ದರು.

ಕೊನೆಗೆ ಒಂದೇ ಪಾತ್ರೆ ಉಳಿಯಿತು. ಕರ್ಟಿಸ್ ಅದನ್ನು ಮಗುಚಿ ತಳದ ಹೆಸರು ಓದಿ ತಲೆ ಮೇಲೆ ಕೈ ಹೊತ್ತ. ತೊಳೆಯುವಾಗ ಕಾಣಲಿಲ್ಲವೇ ಎಂದರೆ, ಕಂಡಿತ್ತು. ಮರೆತಿದ್ದ.

ಅವನ ತಾಯಿ ರಾಕ್ಸಾನ್ ಶಾಲೆಯ ಹಳದಿ ಬಸ್ಸು ಓಡಿಸುವವಳು. ಆಗಷ್ಟೇ ಮಕ್ಕಳನ್ನು ಇಳಿಸಿ ಬಂದು ಬೂಟು ಕಳಚುತ್ತಿದ್ದಳು.

"ಅಮ್ಮಾ, ನೀನೂನಾ?"

"ಎಲ್ರೂ ಕೊಟ್ರು. ನಾನೊಬ್ಳೇ ಕೊಡದೆ ಇದ್ರೆ ಏನ್ ಚೆನ್ನಾಗಿರುತ್ತೆ?"

"ನಾನು ಮರ್ತೆ ಅಂತ ಫೋನಲ್ಲೇ ಹೇಳಿದ್ನಲ್ಲ!"

"ಹೇಳ್ದೆ. ನಾನು ನಂಬ್ದೆ ಕೂಡ. ನನ್ನ ಮಗ ದಡ್ಡ, ಬೇರೇನೂ ಆಗಿಲ್ಲ, ಹಾಟ್‌ಡಿಶ್ ನಿಲ್ಸಿ ಅಂತ ಊರಲ್ಲೆಲ್ಲ ಹೇಳ್ಕೊಂಡು ಬರ್ಲಾ?"

ಬಾಗಿಲಲ್ಲಿದ್ದ ಫಿಲ್ ಕತ್ತು ಮುಂದೆ ಚಾಚಿದ. "ರಾಕ್ಸಾನ್, ಗುಟ್ಟು ಇವನೇ ಬಿಟ್ಟುಕೊಟ್ಟ ಅಂದ್ಕೊಂಡಿದ್ದೆ. ಇವನು ನಿಜವಾಗ್ಲೂ ಮರೆತಿರ್ತಾನಾ?"

"ಇವನಾ?" ರಾಕ್ಸಾನ್ ಬೂಟು ಕೆಳಗಿಟ್ಟಳು. ಇಪ್ಪತ್ತೇಳು ವರ್ಷದಿಂದ ಈ ಪ್ರಶ್ನೆಗೇ ಕಾದಂತಿತ್ತು. "ಪದವಿ ತಗೊಳ್ಳೋ ದಿನ ಪದವೀನೇ ವೇದಿಕೆ ಮೇಲೆ ಬಿಟ್ಟು ಬಂದ. ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಕೇಕ್ ತರ್ತೀನಿ ಅಂತ ಹೋದೋನು, ಕೇಕ್ ಸರಿ, ಕಾರನ್ನೂ ಅಂಗಡಿ ಮುಂದೆ ಬಿಟ್ಟು ನಡ್ಕೊಂಡು ಬಂದ. ಮಾರನೇ ದಿನ ಕಾರು ಕಳವಾಗಿದೆ ಅಂತ ಪೊಲೀಸರಿಗೆ ಫೋನ್ ಬೇರೆ! ಗುಟ್ಟು ಬಿಟ್ಟುಕೊಟ್ಟ ಅಂತೀರಾ? ಬಿಟ್ಟುಕೊಡೋಕೆ ಮೊದ್ಲು ಅದು ನೆನಪಿರ್ಬೇಕಲ್ಲ, ಫಿಲ್!"

ಫಿಲ್ ನಗಲಿಕ್ಕೆ ಶುರುಮಾಡಿದ. ಗೋಡೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಚಳಿಗಾಲವಿಡೀ ಕಟ್ಟಿಟ್ಟದ್ದನ್ನೆಲ್ಲ ನಕ್ಕ. ಕರ್ಟಿಸ್ ಕುಕೀ ಪಾತ್ರೆ ಹಿಡಿದು ನಿಂತೇ ಇದ್ದ. ತಾಯಂದಿರು ಮಕ್ಕಳ ಬಗ್ಗೆ ಒಳ್ಳೆಯ ಮಾತಾಡಿ ಕೆಲಸ ಕೊಡಿಸುವುದನ್ನು ಕೇಳಿದ್ದ. ಹೀಗೆ ಮಾನ ತೆಗೆದು ಕೆಲಸ ಉಳಿಸುವುದು ಅವನಿಗೆ ಹೊಸತು. ಆದರೂ ಎದೆಯ ಮೇಲಿನ ಚಪ್ಪಡಿ ಅರ್ಧ ಸರಿಯಿತು. ಇನ್ನರ್ಧ ಶುಕ್ರವಾರದ್ದು.

ವ್ಯಾನಿನಲ್ಲಿ ಫಿಲ್ ಬಹಳ ಹೊತ್ತು ಕಿಟಕಿಯಾಚೆ ನೋಡಿದ. ಹೋಟೆಲಿನ ಮುಂದೆ ಹಾಯುವಾಗ ಮಾತ್ರ ಕತ್ತು ಪೂರ್ತಿ ತಿರುಗಿಸಿ ನೋಡಿದ. "ಹಿತ್ತಲಿಂದ ಕಾಣುತ್ತಂತೆ," ಎಂದ, ತನಗೇ ಎಂಬಂತೆ.

ಶುಕ್ರವಾರ ಮಂಡಳಿಯ ಸಭೆ ಮುಗಿಯುವವರೆಗೆ ಕರ್ಟಿಸ್ ಒಂದೇ ರಾಶಿ ಟವೆಲನ್ನು ಮತ್ತೆ ಮತ್ತೆ ಒಗೆದ. ಬರ್ನಿಸ್ ನೆಲಮಾಳಿಗೆಗೆ ಇಳಿದು ಬಂದು ಕೈಗೆ ಸಿಕ್ಕ ಟವೆಲು ಮಡಿಚತೊಡಗಿದಳು. ಕೊನೆಗೆ ಮೆಟ್ಟಿಲ ಮೇಲೆ ಫಿಲ್‌ನ ಬೂಟು ಕಂಡಿತು. ಕೆಳಗಿಳಿದವನೇ ಅವನು ಕರ್ಟಿಸ್‌ನ ಬೆನ್ನು ತಟ್ಟಿದ. ಬಾಗಿಲ ಚೌಕಟ್ಟನ್ನಲ್ಲ.

"ಫುಟ್‌ಬಾಲಿನವರು ಇನ್ಮೇಲೆ ಶುಕ್ರವಾರ ಅವರವರ ಹಾಸಿಗೇಲಿ ಮಲಗ್ತಾರೆ," ಎಂದ. "ದೂರದ ಪಂದ್ಯಕ್ಕೆ ವಿಮಾನ ಇಲ್ಲ, ಬಸ್ಸು. ಅವರ ಕೋಚ್ ನನ್ನ ಜೊತೆ ಮಾತು ಬಿಟ್ಟಿದಾನೆ, ನೆಮ್ಮದಿ ಆಯ್ತು. ಆ ಉಳಿದ ದುಡ್ಡಲ್ಲಿ ಈಜು ಇರುತ್ತೆ, ಬರ್ನಿಸ್. ಸದ್ಯಕ್ಕೆ ಅಂತ ಇಟ್ಕೊಳ್ಳಿ."

"ಸದ್ಯಕ್ಕೆ ಅಂತಾನೇ ಇಷ್ಟು ವರ್ಷ ಆಯ್ತು," ಎನ್ನುತ್ತ ಬರ್ನಿಸ್ ಕೈಯಲ್ಲಿದ್ದ ಟವೆಲಿನಿಂದ ಮುಖ ಮುಚ್ಚಿಕೊಂಡಳು. ಅದು ಕುಸ್ತಿಯವರ ಟವೆಲು. ಒಗೆಯದ ರಾಶಿಯಿಂದ ಬಂದದ್ದೆಂದು ಹೇಳುವ ಧೈರ್ಯ ಕರ್ಟಿಸ್‌ಗೆ ಬರಲಿಲ್ಲ. ಓಡುತ್ತಿದ್ದ ಯಂತ್ರದ ಮೇಲೆ ಹಾಗೇ ಕುಳಿತ. ಅದು ಗಡಗಡ ನಡುಗುತ್ತಿತ್ತು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಯಾರಿಗೂ ತಿಳಿಯುವಂತಿರಲಿಲ್ಲ.

"ಮತ್ತೆ ಗಾಲ್ಫ್?" ಎಂದಳು ಬರ್ನಿಸ್ ಟವೆಲಿನೊಳಗಿನಿಂದ.

"ಗಾಲ್ಫ್ ಹೋಯ್ತು," ಎಂದ ಫಿಲ್. "ಎರಡನ್ನೂ ಉಳಿಸೋಕೆ ಆಗ್ಲಿಲ್ಲ. ಹುಡುಗರ ವಿದ್ಯಾರ್ಥಿವೇತನ ಮಾತ್ರ ಓದು ಮುಗಿಯೋವರೆಗೂ ಇರುತ್ತೆ. ಅವರ ಕೋಚ್ ವರ್ನ್ ಬೇಜಾರು ಮಾಡ್ಕೊಳ್ಳಲಿಲ್ಲ. ಮಾಡ್ಕೊಂಡಿದ್ರೂ ಹೇಳಲ್ಲ ಅವನು."

ಸ್ನಾನದ ಮನೆಯವರೆಗೆ ಕಾಯುವುದು ಬೇಡವೆಂದು ಪಾರ್ಕಾಗಳನ್ನು ಬರ್ನಿಸ್ ಅಲ್ಲೇ ತನ್ನ ಕಣ್ಣೆದುರಿಗೇ ಕರ್ಟಿಸ್‌ನಿಂದ ಆರ್ಡರ್ ಮಾಡಿಸಿದಳು. ಅವು ಬಂದು ಕೊಕ್ಕೆಗೇರಿದ ದಿನ ಟೆಸ್ಸಾ ಪ್ರತಿಯೊಂದರ ತೋಳನ್ನೂ ಮುಟ್ಟಿ ನೋಡಿ, "ಅಂದ್ರೆ ನೀನು ನಿಜವಾಗ್ಲೂ ಮರ್ತಿದ್ಯಾ?" ಎಂದಳು, ತುಸು ನಿರಾಸೆಯಿಂದಲೇ.

ಆದರೆ ಅದಕ್ಕೂ ಮೊದಲೇ, ಆ ವಾರದ ಕೊನೆಯಲ್ಲಿ, ಕರ್ಟಿಸ್‌ಗೆ ಅಪರೂಪಕ್ಕೆ ಒಂದು ಸಂಗತಿ ನೆಲದ ಮೇಲೆ ನೆನಪಾಯಿತು. ಗಾಲ್ಫ್ ಕೋಚ್ ವರ್ನ್ ಎಂಗ್‌ಸ್ಟ್ರಾಮ್‌ನ ಬಾಗಿಲಿಗೆ ಒಂದೂ ಹಾಟ್‌ಡಿಶ್ ಬಂದಿರಲಿಲ್ಲ. ನಿಜವಾಗಿ ಸತ್ತದ್ದು ಅವನ ತಂಡ. ಊರು ತನ್ನ ಅಡುಗೆಯನ್ನೆಲ್ಲ ಬದುಕಿದವರಿಗೆ ಬಡಿಸಿ ದಣಿದಿತ್ತು.

ಕರ್ಟಿಸ್ ತಾಯಿಯ ಪಾತ್ರೆ ತಂದು ತಾನೇ ಮಾಡಿದ. ಮೇಲಿನದು ಕರಿಕಾಯಿತು, ನಡುವಿನದು ತಣ್ಣಗೇ ಉಳಿಯಿತು. ವರ್ನ್ ತೆಳ್ಳಗಿನ, ಮಾತಿಲ್ಲದ ಮನುಷ್ಯ. ಒಳಗಿನಿಂದ ಚಮಚ ತಂದು ಬಾಗಿಲಲ್ಲೇ ಒಂದು ತುತ್ತು ತಿಂದ. ಬಹಳ ಹೊತ್ತು ಅಗಿದ.

"ಕರ್ಟಿಸ್," ಎಂದ, "ಇದು ಬೇರೆ ಥರ ಇದೆ."

ಇಬ್ಬರೂ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನಕ್ಕರು. ಆಮೇಲೆ ಹಿಮದ ಬಗ್ಗೆ ಮಾತಾಡಿದರು.

ಮುಂದಿನ ವಾರ ಪಾತ್ರೆ ನೆಲಮಾಳಿಗೆಗೆ ವಾಪಸು ಬಂತು, ಫಳಫಳ ತೊಳೆದು. ಖಾಲಿಯಿರಲಿಲ್ಲ. ಅಂಚಿನವರೆಗೂ ಗಾಲ್ಫ್ ಚೆಂಡುಗಳಿದ್ದವು, ಬಿಳಿಯವು, ಹೊಸವು, ಇನ್ನು ಯಾರಿಗೂ ಬೇಡದವು. ಕರ್ಟಿಸ್ ಅದನ್ನು ಒಗೆಯುವ ಯಂತ್ರದ ಮೇಲಿಟ್ಟ. ಯಂತ್ರ ನಡುಗಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿದ್ದವು. ಅಮ್ಮನ ಪಾತ್ರೆಯನ್ನು ಹಿಂದಿರುಗಿಸಬೇಕೆಂದು ಅವನಿಗೆ ಪ್ರತಿದಿನ ಸ್ನಾನ ಮಾಡುವಾಗ ನೆನಪಾಗುತ್ತದೆ.